ಮನೆಗೊಂದು ಸಾಲು, ಪೇಟೆಗೊಂದು ಸಾಲು

(ಹೊಳನಗದ್ದೆಯ ರೈತ ಕೂಟದಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಕಾಯಿಪಲ್ಲೆ ಬೇಸಾಯದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ನೀವು ನನ್ನನ್ನು ಕರೆದಿದ್ದೀರಿ. ಬೀಜ, ಗೊಬ್ಬರ, ಸಾಲಿನ ಅಂತರ ಇವುಗಳ ವಿಷಯವನ್ನು ನಿಮ್ಮ ಗದ್ದೆಯ ಹಾಳಿಯ ಮೇಲೆ ನಿಂತು ಯಾವತ್ತೂ ಹೇಳುತ್ತಲೇ ಇರುತ್ತೇನೆ. ಆದಕಾರಣ ಈ ಹೊತ್ತು ಅದನ್ನು ಬದಿಗಿಟ್ಟು, ಬೆಳೆಗೆ ಹೊಡೆಯುವ ವಿಷ, ನಮ್ಮ ಆರೋಗ್ಯ ಮತ್ತು ನಮ್ಮ ನೀತಿ ಈ ಮೂರನ್ನೂ ಕೂಡಿಸಿ ಮಾತನಾಡಬೇಕೆಂದು ಬಂದಿದ್ದೇನೆ. ಇದು ಇಲಾಖೆಯ ಸುತ್ತೋಲೆಯ ಮಾತಲ್ಲ, ನನ್ನ ಸ್ವಂತ ಅಭಿಪ್ರಾಯ. ನನಗಿನ್ನೂ ಮೂವತ್ತು ತುಂಬಿಲ್ಲ. ಕೃಷಿ ಡಿಪ್ಲೊಮಾ ಓದಿದ್ದೇನೆಯೇ ಹೊರತು ನಿಮ್ಮಷ್ಟು ಮಳೆಗಾಲ ಕಂಡವನಲ್ಲ. ತಪ್ಪಿದ್ದರೆ ಹಿರಿಯರು ತಿದ್ದಬೇಕು.

ಭತ್ತ ಕೊಯ್ದು ಮುಗಿದ ಮೇಲೆ ನಮ್ಮ ಕರಾವಳಿಯ ಹೊಯ್ಗೆ ನೆಲದಲ್ಲಿ ಬದನೆ, ಬೆಂಡೆ, ಹರಿವೆ, ಈರುಳ್ಳಿ, ಮೆಣಸು ಏಳುವುದನ್ನು ನೋಡಲು ಎರಡು ಕಣ್ಣು ಸಾಲವು. ಕೊಡದಲ್ಲಿ ನೀರು ಹೊತ್ತು ಹೊಯ್ದು ಬೆಳೆದ ಆ ಕಾಯಿಪಲ್ಲೆಯನ್ನು ನಮ್ಮ ತಾಯಂದಿರು ಬುಟ್ಟಿಯಲ್ಲಿ ಹೊತ್ತು ಪೇಟೆಗೆ ಒಯ್ಯುತ್ತಾರೆ. ಆದರೆ ಹಳ್ಳಿಯಿಂದ ಹಳ್ಳಿಗೆ ತಿರುಗುವಾಗ ನಾನು ಒಂದು ಸಂಗತಿಯನ್ನು ಕಂಡಿದ್ದೇನೆ. ಕೆಲವರು ಅಂಗಳದ ಹತ್ತಿರ ಒಂದು ಸಾಲು ಬದನೆಯನ್ನು ಬೇರೆಯಾಗಿ ಇಟ್ಟಿರುತ್ತಾರೆ. ಅದಕ್ಕೆ ಏನನ್ನೂ ಹೊಡೆಯುವುದಿಲ್ಲ. ಅದೇಕೆ ಎಂದು ಕೇಳಿದರೆ "ಅದು ಮನೆ ಖರ್ಚಿಗೆ" ಎನ್ನುತ್ತಾರೆ. ಉಳಿದ ಸಾಲುಗಳು ಪೇಟೆಗೆ.

ಈ ಉತ್ತರವನ್ನು ಮೊದಲ ಸಲ ಕೇಳಿದಾಗ ನಾನೂ ನಕ್ಕು ಮುಂದೆ ಹೋದೆ. ಆಮೇಲೆ ಅದು ಮನಸ್ಸನ್ನು ಕೊರೆಯತೊಡಗಿತು. ಹಾಗಾದರೆ ನಾವು ಹೊಡೆಯುವುದು ಏನೆಂಬುದು ನಮಗೆ ತಿಳಿದಿದೆ. ಗೊತ್ತಿಲ್ಲದೆ ಮಾಡುತ್ತಿದ್ದೇವೆ ಎಂದು ಹೇಳುವಂತಿಲ್ಲ.

ನನ್ನದೇ ಒಂದು ತಪ್ಪು

ಪರರ ತಪ್ಪು ಹೇಳುವುದಕ್ಕೆ ಮುಂಚೆ ನನ್ನದನ್ನು ಹೇಳಿಬಿಡುತ್ತೇನೆ. ನಾನು ಕೆಲಸಕ್ಕೆ ಸೇರಿದ ಮೊದಲನೆಯ ವರ್ಷ. ಒಬ್ಬ ರೈತರ ಬದನೆ ಗಿಡಕ್ಕೆ ಕುಡಿ ಮತ್ತು ಕಾಯಿ ಕೊರೆಯುವ ಹುಳ ಬಿದ್ದಿತ್ತು. ಊರ ಹೆಸರು, ಅವರ ಹೆಸರು ಬೇಡ. ನಾನು ನೋಡಿದೆ, ಹುಳ ಯಾವುದೆಂದು ಸರಿಯಾಗಿ ಗುರುತಿಸಿದೆ, ಒಂದು ಚೀಟಿಯಲ್ಲಿ ಕೀಟನಾಶಕದ ಹೆಸರನ್ನೂ ಲೀಟರು ನೀರಿಗೆ ಎಷ್ಟೆಂಬುದನ್ನೂ ಬರೆದುಕೊಟ್ಟೆ. ಓದಿದ ವಿದ್ಯೆ ಉಪಯೋಗಕ್ಕೆ ಬಂತೆಂದು ಹಿಗ್ಗಿನಿಂದ ಸೈಕಲ್ಲು ಹತ್ತಿದೆ.

ಮರುದಿನ ನಡು ಮಧ್ಯಾಹ್ನ ಅವರು ಬರಿಮೈಯಲ್ಲಿ ಬೆನ್ನಿಗೆ ಪಂಪು ಕಟ್ಟಿ ಹೊಡೆದರು. ವಿಷವನ್ನು ನೀರಿಗೆ ಬೆರೆಸಿ, ಕೈಯಿಂದಲೇ ಕಲಸಿ, ಪಂಪಿಗೆ ತುಂಬಿಕೊಟ್ಟವಳು ಅವರ ಹೊಲಕ್ಕೆ ಆಳಾಗಿ ಬಂದ ಒಬ್ಬ ವಯಸ್ಸಾದ ಹೆಂಗಸು. ಸಂಜೆಯ ಹೊತ್ತಿಗೆ ಆಕೆಗೆ ತಲೆಸುತ್ತು, ವಾಂತಿ, ಬಾಯಲ್ಲಿ ಜೊಲ್ಲು. ರಿಕ್ಷಾದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ದರು. ವೈದ್ಯರು ಕೇಳಿದ ಮೊದಲ ಪ್ರಶ್ನೆ, "ಯಾವ ವಿಷ?" ಉತ್ತರ ಹೇಳುವವರು ಯಾರೂ ಇರಲಿಲ್ಲ. ಏಕೆಂದರೆ ಅಂಗಡಿಯವರು ಅದನ್ನು ದೊಡ್ಡ ಡಬ್ಬಿಯಿಂದ ಒಂದು ಖಾಲಿ ಸಾರಾಯಿ ಬಾಟಲಿಗೆ ಹೊಯ್ದುಕೊಟ್ಟಿದ್ದರು. ಅದರ ಮೇಲೆ ಚೀಟಿಯೂ ಇಲ್ಲ, ಹೆಸರೂ ಇಲ್ಲ. ನಾನು ಬರೆದದ್ದೊಂದು, ಅವರು ಕೊಟ್ಟದ್ದು ಇನ್ನೊಂದು.

ಆಕೆಯ ಪುಣ್ಯ, ನನ್ನ ಪುಣ್ಯ, ಜೀವ ಉಳಿಯಿತು. ಎಂಟು ದಿನ ಬಿಟ್ಟು ನೋಡಲು ಹೋದೆ. ಆಕೆ ಬೈಯಲಿಲ್ಲ. "ತಮಾ, ಔಷಧ ಅಂದ್ರಿ. ಔಷಧ ಅಂದ್ರೆ ಬದ್ಕಸೂದು ಅಲ್ದಾ?" ಎಂದು ಕೇಳಿದಳು.

ಇವತ್ತಿಗೂ ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ನಾವೆಲ್ಲ "ಔಷಧ ಹೊಡೆಯುವುದು" ಎನ್ನುತ್ತೇವೆ. ಹುಳ ಸಾಯಿಸುವ ವಸ್ತುವಿಗೆ ಮನುಷ್ಯನನ್ನು ಬದುಕಿಸುವ ವಸ್ತುವಿನ ಹೆಸರನ್ನೇ ಇಟ್ಟಿದ್ದೇವೆ. ಔಷಧವೆಂದ ಮೇಲೆ ಕೈಯಿಂದ ಕಲಸಿದರೆ ಏನಾದೀತೆಂಬ ಧೈರ್ಯ ತಾನಾಗಿ ಬರುತ್ತದೆ. ನನ್ನ ಚೀಟಿಯಲ್ಲಿ ಹುಳದ ಹೆಸರು ಸರಿ, ಪ್ರಮಾಣ ಸರಿ. ಆದರೆ ಅದನ್ನು ಕಲಸುವವರು ಯಾರು, ಹೊಡೆಯುವವರು ಯಾರು, ಬಾವಿ ಎಷ್ಟು ದೂರ, ಕಾಯಿ ಕೊಯ್ಯುವುದು ಯಾವಾಗ ಎಂದು ನಾನು ಕೇಳಲೇ ಇಲ್ಲ. ಅಂದಿನಿಂದ ನಾನು "ವಿಷ" ಎಂದೇ ಹೇಳುತ್ತೇನೆ. ನೀವೂ ಹಾಗೆಯೇ ಹೇಳಿರಿ ಎಂಬುದು ನನ್ನ ಮೊದಲ ಬಿನ್ನಹ. ಹೆಸರು ಸರಿಯಾದರೆ ಅರ್ಧ ಎಚ್ಚರ ತಾನೇ ಬರುತ್ತದೆ.

ಗೇರು ತೋಪಿನ ಪಾಠ

ಒಬ್ಬ ರೈತ, ಒಂದು ಚೀಟಿ, ಒಬ್ಬ ಆಳು ಇಷ್ಟರಲ್ಲೇ ಇಷ್ಟು ಅನಾಹುತವಾಗಬಹುದಾದರೆ ಒಂದು ದೊಡ್ಡ ಸಂಸ್ಥೆಯೇ ಈ ತಪ್ಪನ್ನು ವರ್ಷಗಟ್ಟಲೆ ಮಾಡಿದರೆ ಏನಾದೀತು? ಇದಕ್ಕೆ ನಮ್ಮ ಕನ್ನಡ ಕರಾವಳಿಯಲ್ಲೇ ಉದಾಹರಣೆ ಇದೆ. ಎಂಡೋಸಲ್ಫಾನ್ ಎಂಬ ಹೆಸರನ್ನು ನೀವು ಕೇಳಿದ್ದೀರಿ.

ಕಾಸರಗೋಡು ಸೀಮೆ 1956ರ ರಾಜ್ಯ ಪುನರ್ವಿಂಗಡಣೆಗೆ ಮೊದಲು ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿತ್ತು. ಅಲ್ಲಿ ಕೇರಳ ಸರ್ಕಾರದ ತೋಟಗಾರಿಕೆ ನಿಗಮಕ್ಕೆ 4,000 ಹೆಕ್ಟೇರಿಗೂ ಮಿಕ್ಕಿದ ಗೇರು ತೋಪುಗಳಿದ್ದವು. ಗೇರಿನ ಚಿಗುರು ಮತ್ತು ಹೂಗೊಂಚಲಿನ ರಸ ಹೀರಿ ಒಣಗಿಸುವ ಟೀ ಸೊಳ್ಳೆ ಎಂಬ ಕೀಟವೊಂದಿದೆ. ಅದನ್ನು ಕೊಲ್ಲಲು 1970ರ ದಶಕದ ಕೊನೆಯಿಂದ 2000ದ ವರೆಗೆ ವರ್ಷಕ್ಕೆ ಎರಡು ಮೂರು ಬಾರಿ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಗುಡ್ಡದ ಮೇಲೆ ತೋಪು, ಗುಡ್ಡದ ಕೆಳಗೆ ಮನೆ, ಶಾಲೆ, ಅಡಿಕೆ ತೋಟ. ಬಾವಿಗೆ ಮುಚ್ಚಳ ಹಾಕಬಹುದು. ಆದರೆ ಗುಡ್ಡ ಕೊರೆದು ತೆಗೆದ ಸುರಂಗದ ನೀರಿಗೆ, ಹರಿಯುವ ತೋಡಿಗೆ ಏನನ್ನು ಮುಚ್ಚುವುದು?

ಮೊದಲು ಜೇನು ಕಡಿಮೆಯಾಯಿತು, ಮೀನು ಸತ್ತವು, ಕರುಗಳು ಅಂಗವಿಕಲವಾಗಿ ಹುಟ್ಟಿದವು. ಕನ್ನಡದ ಕೃಷಿ ಪತ್ರಕರ್ತ ಶ್ರೀ ಪಡ್ರೆಯವರು 1980ರ ದಶಕದ ಆರಂಭದಲ್ಲಿಯೇ ಈ ಬಗ್ಗೆ ಬರೆದು ಎಚ್ಚರಿಸಿದರು. ಎಣ್ಮಕಜೆ ಪಂಚಾಯತಿಯ ಪಡ್ರೆ ಗ್ರಾಮದ ವಾಣಿನಗರದಲ್ಲಿ ವೈದ್ಯರಾಗಿದ್ದ ಡಾ. ವೈ. ಎಸ್. ಮೋಹನ ಕುಮಾರರು ತಮ್ಮ ಬಳಿಗೆ ಬರುವ ರೋಗಿಗಳಲ್ಲಿ ಬುದ್ಧಿಮಾಂದ್ಯ, ಮೂರ್ಛೆರೋಗ, ಹುಟ್ಟುದೋಷ, ಕ್ಯಾನ್ಸರ್ ಇವು ಲೆಕ್ಕಕ್ಕೆ ಮೀರಿ ಇರುವುದನ್ನು ಗುರುತಿಸಿದರು. ಒಂದೇ ಸೀಮೆಯಲ್ಲಿ ಇಷ್ಟೊಂದು ಏಕೆ ಎಂದು ಕೇಳುತ್ತ ಬಂದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು 2001ರಲ್ಲಿ ಬಂದು ಶಾಲಾ ಮಕ್ಕಳನ್ನು ಪರೀಕ್ಷಿಸಿದರು. ಮಕ್ಕಳ ರಕ್ತದಲ್ಲಿ ಈ ವಿಷದ ಶೇಷ ಸಿಕ್ಕಿತು. ಸಿಂಪಡಣೆಯಿಲ್ಲದ ಊರಿನ ಮಕ್ಕಳೊಡನೆ ಹೋಲಿಸಿದಾಗ ಇಲ್ಲಿ ಹುಟ್ಟುದೋಷಗಳೂ ಕಲಿಕೆಯ ತೊಂದರೆಗಳೂ ಹೆಚ್ಚಾಗಿ ಕಂಡವು.

ಇವರೆಲ್ಲರಿಗಿಂತ ನನ್ನ ಮನಸ್ಸಿಗೆ ಹತ್ತಿರವಾದವರು ಪೆರಿಯ ಎಂಬ ಊರಿನ ಲೀಲಾಕುಮಾರಿ ಅಮ್ಮ. ಅವರು ನನ್ನಂತೆಯೇ ಕೃಷಿ ಇಲಾಖೆಯ ನೌಕರರು, ರೈತರಿಗೆ ಸಲಹೆ ಕೊಡುವುದು ಅವರ ಉದ್ಯೋಗ. ಗೇರು ತೋಪಿನ ಹತ್ತಿರ ಮನೆ ಕಟ್ಟಿಕೊಂಡ ಮೇಲೆ ಅವರ ಆರೋಗ್ಯ ಕೆಟ್ಟಿತು. ಅರ್ಜಿಗಳಿಂದ ಫಲ ಕಾಣದಾದಾಗ 1998ರಲ್ಲಿ ಕಾಂಞಂಗಾಡಿನ ಹೊಸದುರ್ಗದ ಮುನ್ಸೀಫ್ ನ್ಯಾಯಾಲಯಕ್ಕೆ ಹೋದರು. ಸರ್ಕಾರಿ ನೌಕರರೊಬ್ಬರು ಸರ್ಕಾರದ್ದೇ ನಿಗಮದ ಮೇಲೆ ದಾವೆ ಹೂಡುವುದೆಂದರೆ ಸಾಮಾನ್ಯವೇ? ನ್ಯಾಯಾಲಯ ತಡೆಯಾಜ್ಞೆ ಕೊಟ್ಟಿತು. 2000ದ ಬಳಿಕ ಹೆಲಿಕಾಪ್ಟರು ಹಾರಲಿಲ್ಲ. 2011ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಎಂಡೋಸಲ್ಫಾನನ್ನು ನಿಷೇಧಿಸಿತು. ಅದೇ ವರ್ಷದ ಮೇ 13ರಂದು ಸರ್ವೋಚ್ಚ ನ್ಯಾಯಾಲಯ ಇಡೀ ದೇಶದಲ್ಲಿ ಅದರ ತಯಾರಿಕೆ, ಮಾರಾಟ, ಬಳಕೆಗಳನ್ನು ನಿಲ್ಲಿಸಿತು. ಕೇರಳದ ಪೀಡಿತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಅದೇ ನ್ಯಾಯಾಲಯ 2017ರ ಜನವರಿಯಲ್ಲಿ ಆಜ್ಞೆ ಮಾಡಿತು.

ಇದು ಕಾಸರಗೋಡಿನ ಕತೆ, ನಮಗೇನು ಎಂದು ತಿಳಿಯಬೇಡಿ. ಕರ್ನಾಟಕದ ಕರಾವಳಿಯ ಗೇರು ತೋಪುಗಳಲ್ಲಿಯೂ ಇದೇ ವಿಷ ಬಿದ್ದಿದೆ. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆ ಎಂಬ ಊರುಗಳ ಹೆಸರು ಇದರಿಂದಲೇ ಪತ್ರಿಕೆಗೆ ಬಂತು. ಪೀಡಿತರ ಸಮೀಕ್ಷೆ ನಡೆದಾಗ ನಮ್ಮ ಉತ್ತರ ಕನ್ನಡದಲ್ಲಿ, ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳಲ್ಲಿಯೂ ಮಾಸಾಶನಕ್ಕೆ ಅರ್ಹರಾದ ಪೀಡಿತರು ಸಿಕ್ಕರು. ಆ ಮನೆಗಳಲ್ಲಿ ತಾಯಿಗೆ ಎಪ್ಪತ್ತು ವರ್ಷ, ಹಾಸಿಗೆ ಬಿಟ್ಟೇಳದ ಮಗನಿಗೆ ಮೂವತ್ತು ವರ್ಷ ಎಂಬಂಥ ಪರಿಸ್ಥಿತಿ ಇದೆ. ಮಾಸಾಶನದಿಂದ ಅಕ್ಕಿ ಬರಬಹುದು. "ನಾನು ಸತ್ತ ಮೇಲೆ ಇವನನ್ನು ನೋಡುವವರು ಯಾರು?" ಎಂಬ ತಾಯಿಯ ಚಿಂತೆ ಅದರಿಂದ ಹೋಗುವುದಿಲ್ಲ.

ಸಾಕ್ಷಿ ತರಬೇಕಾದವರು ಯಾರು?

ಈ ಬಗ್ಗೆ ವಿಜ್ಞಾನಿಗಳಲ್ಲಿ ವಾದವಿವಾದ ನಡೆದಿದೆ ಎಂಬುದನ್ನೂ ನಾನು ಮರೆಮಾಚುವುದಿಲ್ಲ. ಒಂದೊಂದು ಮಗುವಿನ ಕಾಯಿಲೆಗೂ ಇದೇ ವಿಷ ಕಾರಣವೆಂದು ಬೆರಳು ತೋರಿಸಿ ಸಿದ್ಧಮಾಡುವುದು ಕಷ್ಟವೇ. ಆದರೆ ನನ್ನ ಪ್ರಶ್ನೆ ಬೇರೆ. ಆ ಸಿದ್ಧತೆಯನ್ನು ಮಾಡಬೇಕಾದವರು ಯಾರು? ವಿಷ ಸುರಿದವರು "ಇದರಿಂದ ಹಾನಿ ಇಲ್ಲ" ಎಂದು ಮೊದಲೇ ತೋರಿಸಬೇಕಾಗಿತ್ತು. ಅದಕ್ಕೆ ಬದಲಾಗಿ, ಮಗುವನ್ನು ಕಂಕುಳಲ್ಲಿ ಎತ್ತಿಕೊಂಡ ತಾಯಿಯೇ "ಇದರಿಂದಲೇ ಹಾನಿಯಾಯಿತು" ಎಂದು ಸಾಕ್ಷಿ ತರಬೇಕಾಯಿತು. ಇದು ತಲೆಕೆಳಗಾದ ವ್ಯವಸ್ಥೆ.

ಈ ವ್ಯವಸ್ಥೆಯ ದೋಷ ಎಲ್ಲಿದೆ ಎಂದು ನಾನು ಬಹಳ ಯೋಚಿಸಿದ್ದೇನೆ. ಹೊಡೆಯಬೇಕೆಂದು ತೀರ್ಮಾನ ಮಾಡುವವನು ಒಬ್ಬ, ಅದರಿಂದ ಲಾಭ ಪಡೆಯುವವನು ಇನ್ನೊಬ್ಬ, ಅದನ್ನು ಉಸಿರಾಡುವವನು ಮತ್ತೊಬ್ಬ. ಮೂವರೂ ಒಂದೇ ಮನೆಯವರಾಗಿದ್ದರೆ ಹೆಲಿಕಾಪ್ಟರು ಹಾರುತ್ತಿರಲಿಲ್ಲ. ಕಾಸರಗೋಡಿನಲ್ಲಿ ತೀರ್ಮಾನ ಮಾಡಿದವರ ಮನೆ ಗುಡ್ಡದ ಕೆಳಗೆ ಇರಲಿಲ್ಲ.

ಈಗ ನಮ್ಮ ಹೊಲಕ್ಕೆ ಬನ್ನಿ. ಹುಳ ಬಿತ್ತೆಂದು ಅಂಗಡಿಗೆ ಹೋಗುತ್ತೇವೆ. ಯಾವುದು ಹೊಡೆಯಬೇಕೆಂದು ಹೇಳುವವರು ಅದನ್ನು ಮಾರುವವರೇ. ಮೇಲಾಗಿ ಉದ್ದರಿ ಬಾಕಿ ಇರುತ್ತದೆ, ಆದ್ದರಿಂದ ಅವರು ಕೊಟ್ಟದ್ದನ್ನು ತರುತ್ತೇವೆ. ಹೊಡೆಯುವವನು ಆಳು. ಕೈಗವಸು ಕೊಡಿ ಎಂದರೆ ನಾಳೆ ಅವನಿಗೆ ಕೆಲಸವಿಲ್ಲ. ನೀರು ಹೊತ್ತು, ಕಲಸಿಕೊಟ್ಟು, ಸಂಜೆ ಆ ಬಟ್ಟೆ ಒಗೆಯುವ ಹೆಂಗಸನ್ನು ಹೊಡೆಯುವವರ ಲೆಕ್ಕಕ್ಕೇ ಹಿಡಿಯುವುದಿಲ್ಲ. ತಿನ್ನುವವರು ಪೇಟೆಯವರು, ಅವರ ಮುಖ ನಮಗೆ ಕಾಣುವುದಿಲ್ಲ. ಅವರೂ ತೂತಿಲ್ಲದ, ಮಿರುಗುವ ಬದನೆಯೇ ಬೇಕೆಂದು ಹಟ ಹಿಡಿದು ನಮ್ಮನ್ನು ಈ ದಾರಿಗೆ ದೂಡುತ್ತಾರೆ. ಹೀಗೆ ಎಲ್ಲರೂ ಸ್ವಲ್ಪ ಸ್ವಲ್ಪ ತಪ್ಪಿತಸ್ಥರು, ಯಾರೂ ಪೂರ್ಣ ಹೊಣೆಗಾರರಲ್ಲ. ಮನೆಗೊಂದು ಸಾಲು, ಪೇಟೆಗೊಂದು ಸಾಲು ಎಂಬುದು ಈ ವ್ಯವಸ್ಥೆಯ ಚಿಕ್ಕ ರೂಪವೇ ಅಲ್ಲವೇ?

ಕಾನೂನು ಇಲ್ಲವೆಂದಲ್ಲ. 1958ರಲ್ಲಿ ಕೇರಳದಲ್ಲಿ ಸಾಗಣೆಯ ಕಾಲಕ್ಕೆ ಗೋದಿ ಹಿಟ್ಟಿಗೆ ಪ್ಯಾರಾಥಿಯಾನ್ ಎಂಬ ಕೀಟನಾಶಕ ಸೋಂಕಿ 100ಕ್ಕೂ ಹೆಚ್ಚು ಜನ ಸತ್ತರು. ಅದರ ವಿಚಾರಣೆಯ ಫಲವಾಗಿ 1968ರಲ್ಲಿ ಕೀಟನಾಶಕಗಳ ಕಾಯಿದೆ ಬಂತು. ಆದರೂ 2017ರಲ್ಲಿ ಮಹಾರಾಷ್ಟ್ರದ ಯವತಮಾಳ ಜಿಲ್ಲೆಯಲ್ಲಿ ಹತ್ತಿಗೆ ವಿಷ ಹೊಡೆದ 20ರಷ್ಟು ರೈತರು, ಆಳುಗಳು ತೀರಿಕೊಂಡರು. ಕಾಯಿದೆ ಪುಸ್ತಕದಲ್ಲಿರುತ್ತದೆ, ಪಂಪು ಬೆನ್ನ ಮೇಲಿರುತ್ತದೆ. ನಡುವೆ ಇರುವ ಅಂತರವನ್ನು ನಾವೇ ತುಂಬಬೇಕು.

ನಾವು ಮಾಡಬಹುದಾದದ್ದು

ವಿಷವನ್ನು ನಾಳೆಯಿಂದಲೇ ಬಿಟ್ಟುಬಿಡಿ ಎಂದು ಹೇಳಿ ಹೋಗುವುದು ಸುಲಭ. ಬೆಳೆ ಹೋದರೆ ನಿಮ್ಮ ಮನೆಯ ಒಲೆ ಉರಿಸಲು ನಾನು ಬರುವುದಿಲ್ಲ. ಆದ್ದರಿಂದ ಸಾಧ್ಯವಿದ್ದಷ್ಟನ್ನೇ ಹೇಳುತ್ತೇನೆ.

ಮೊದಲನೆಯದಾಗಿ, ವಿಷ ಕೊನೆಯ ಉಪಾಯವಾಗಿರಲಿ. ಬದನೆಯಲ್ಲಿ ಬಾಡಿದ ಕುಡಿಯೊಳಗೇ ಹುಳ ಇರುತ್ತದೆ. ವಾರಕ್ಕೊಮ್ಮೆ ಬಾಡಿದ ಕುಡಿ, ತೂತು ಬಿದ್ದ ಕಾಯಿ ಕಿತ್ತು ಸುಟ್ಟರೆ ಹುಳದ ಸಂತಾನ ಕಡಿಮೆಯಾಗುತ್ತದೆ. ಗಂಡು ಪತಂಗವನ್ನು ಸೆಳೆಯುವ ಮೋಹಕ ಬಲೆ ಕಟ್ಟಿರಿ. ಹೀರೆ, ಹಾಗಲ, ಸೌತೆಯಲ್ಲಿ ನೊಣ ಕಚ್ಚಿ ಉದುರಿದ ಕಾಯಿಯನ್ನು ಅಲ್ಲೇ ಕೊಳೆಯಲು ಬಿಡದೆ ಆಳವಾಗಿ ಹುಗಿಯಿರಿ. ಬೇವಿನ ಬೀಜದ ತಿರುಳನ್ನು ಲೀಟರಿಗೆ 50 ಗ್ರಾಮಿನಂತೆ ಕುಟ್ಟಿ, ರಾತ್ರಿ ನೀರಲ್ಲಿ ನೆನೆಹಾಕಿ, ಬೆಳಿಗ್ಗೆ ಸೋಸಿ, ತುಸು ಸಾಬೂನು ಕಲಸಿ ಸಂಜೆ ಸಿಂಪಡಿಸಿರಿ. ನಮ್ಮ ಹಿರಿಯರು ಗಜನಿಯಲ್ಲಿ ಕಗ್ಗ ಭತ್ತವನ್ನು ಗೊಬ್ಬರ, ವಿಷ ಯಾವುದೂ ಇಲ್ಲದೆ ಬೆಳೆದು, ಅದೇ ನೀರಿನಲ್ಲಿ ಸಿಗಡಿ, ಮೀನು ಹಿಡಿದು ಉಂಡವರು. ಅದನ್ನು ಮರೆಯಬಾರದು.

ಎರಡನೆಯದಾಗಿ, ಹೊಡೆಯಲೇಬೇಕಾದರೆ ಸೀಲು ಮುರಿಯದ ಡಬ್ಬಿಯನ್ನೇ ರಸೀದಿ ಸಮೇತ ಕೊಳ್ಳಿರಿ. ಬಾಟಲಿಗೆ ಹೊಯ್ದುಕೊಟ್ಟರೆ ಬೇಡವೆನ್ನಿ, ಹಾಗೆ ಮಾರುವಂತಿಲ್ಲ. ಡಬ್ಬಿಯ ಮೇಲೆ ಬಣ್ಣದ ಗುರುತು ಇರುತ್ತದೆ. ಕೆಂಪು ಎಂದರೆ ಅತ್ಯಂತ ಘೋರ ವಿಷ, ಅದಕ್ಕಿಂತ ಕಡಿಮೆ ಹಳದಿ, ಆಮೇಲೆ ನೀಲಿ, ಕೊನೆಗೆ ಹಸುರು. ಓದು ಬಾರದವರಿಗೂ ಬಣ್ಣ ತಿಳಿಯುತ್ತದೆ. ಹಸುರು ಕೂಡ ವಿಷವೇ ಎಂಬುದು ನೆನಪಿರಲಿ. ಮೊನೊಕ್ರೊಟೊಫಾಸನ್ನು ಕಾಯಿಪಲ್ಲೆಗೆ ಹೊಡೆಯಬಾರದೆಂದು 2005ರಲ್ಲಿಯೇ ನಿಷೇಧವಾಗಿದೆ. ಬಾಳೆಯ ಬುಡಕ್ಕೆ ಹಾಕುತ್ತಿದ್ದ ಫೋರೇಟ್ ಹರಳಿನ ಮಾರಾಟ 2020ರ ಕೊನೆಗೆ ನಿಂತಿದೆ. ಮನೆಯ ಮೂಲೆಯಲ್ಲಿ ಉಳಿದಿದ್ದರೆ ಬಳಸಬೇಡಿ, ನನಗೆ ತಿಳಿಸಿ.

ಮೂರನೆಯದಾಗಿ, ಹೊಡೆಯುವವರ ಮೈ ಕಾಯಿರಿ. ಬರಿಗೈಯಲ್ಲಿ ಕಲಸಬಾರದು, ಕೋಲಿನಿಂದ ಕಲಸಬೇಕು. ತುಂಬುತೋಳಿನ ಅಂಗಿ, ಕೈಗವಸು, ಮೂಗು ಬಾಯಿಗೆ ಮುಸುಕು ಬೇಕು. ಗಾಳಿಗೆ ಬೆನ್ನು ಕೊಟ್ಟು ಹೊಡೆಯಬೇಕು. ನಮ್ಮ ಬೇಸಿಗೆಯಲ್ಲಿ ಮೈತುಂಬ ಬಟ್ಟೆ ಬೇಯಿಸುತ್ತದೆ, ಬಲ್ಲೆ. ಅದಕ್ಕಾಗಿಯೇ ಬೆಳಗಿನ ಜಾವ ಇಲ್ಲವೆ ಸಂಜೆ ಹೊಡೆಯಬೇಕು. ನಡುವೆ ಎಲೆ ಅಡಿಕೆ, ಬೀಡಿ ಕೂಡದು. ಮುಗಿದ ಕೂಡಲೇ ಸಾಬೂನಿನಿಂದ ಸ್ನಾನ, ಬಟ್ಟೆಯನ್ನು ಬೇರೆಯಾಗಿ ಒಗೆಯುವುದು. ಆಳಿನಿಂದ ಹೊಡೆಸುವವರು ಇದನ್ನೆಲ್ಲ ತಾವೇ ಒದಗಿಸತಕ್ಕದ್ದು. ಅರ್ಧ ದಿನ ಹೊಡೆಸಿದರೂ ಪೂರ್ಣ ಕೂಲಿ ಕೊಡಿ, ಉಳಿದರ್ಧ ದಿನ ಅವರು ತೊಳೆದುಕೊಂಡು ವಿಶ್ರಮಿಸಲಿ. ಬಸುರಿ, ಬಾಣಂತಿ, ಮಕ್ಕಳು ಆ ಹೊಲದ ಹತ್ತಿರವೂ ಬರಬಾರದು.

ನಾಲ್ಕನೆಯದಾಗಿ, ನಮ್ಮದು ಹೊಯ್ಗೆ ನೆಲ. ಮೇಲೆ ಬಿದ್ದದ್ದು ಬೇಗ ಕೆಳಗಿಳಿಯುತ್ತದೆ, ಬಾವಿಯೂ ಆಳವಿಲ್ಲ. ಬಾವಿಕಟ್ಟೆಯ ಹತ್ತಿರ ವಿಷ ಕಲಸುವುದು, ಪಂಪು ತೊಳೆಯುವುದು ಬೇಡ. ನೆರೆಯವರಿಗೆ ತಿಳಿಸದೆ ಹೊಡೆಯುವುದೂ ಬೇಡ. ಖಾಲಿ ಡಬ್ಬಿಯನ್ನು ತೂತು ಮಾಡಿರಿ, ಯಾರೂ ಅದರಲ್ಲಿ ನೀರು ತುಂಬದಿರಲಿ. ಉಳಿದ ವಿಷವನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿಡಿ. ಇದು ಮಕ್ಕಳ ಸಲುವಾಗಿ ಮಾತ್ರವಲ್ಲ. ಸಿಟ್ಟಿನ, ದುಃಖದ ಒಂದು ಗಳಿಗೆಯಲ್ಲಿ ಕೈಗೆ ಸಿಕ್ಕಿದ ಬಾಟಲಿ ಎಷ್ಟೋ ಮನೆಯ ದೀಪ ಆರಿಸಿದೆ. ಬೀಗದ ಕೈ ಹುಡುಕುವಷ್ಟು ಹೊತ್ತಿನಲ್ಲಿ ಮನಸ್ಸು ತಿರುಗಬಹುದು, ಯಾರಾದರೂ ಬಂದು ಮಾತನಾಡಿಸಬಹುದು.

ಐದನೆಯದಾಗಿ, ಯಾರಿಗಾದರೂ ತಲೆಸುತ್ತು, ವಾಂತಿ, ಜೊಲ್ಲು, ಕಣ್ಣು ಮಂಜಾಗುವುದು, ಉಸಿರು ಕಟ್ಟುವುದು ಕಂಡರೆ ಕೂಡಲೇ ಹೊಲದಿಂದ ಹೊರಗೆ ತನ್ನಿ. ಬಟ್ಟೆ ಕಳಚಿ ಸಾಬೂನು ನೀರಿನಲ್ಲಿ ಮೈ ತೊಳೆಯಿರಿ, ಮಗ್ಗುಲಾಗಿ ಮಲಗಿಸಿರಿ. ಹಾಲು, ಎಣ್ಣೆ, ಹುಳಿನೀರು ಕುಡಿಸಬೇಡಿ, ಬಲವಂತವಾಗಿ ವಾಂತಿ ಮಾಡಿಸಬೇಡಿ. 108ಕ್ಕೆ ಕರೆ ಮಾಡಿ, ಡಬ್ಬಿಯನ್ನು ಜೊತೆಗೆ ಒಯ್ಯಿರಿ. "ಯಾವ ವಿಷ?" ಎಂಬ ಪ್ರಶ್ನೆಗೆ ಉತ್ತರ ಅದರ ಮೇಲೆ ಇರುತ್ತದೆ.

ಒಂದೇ ಅಳತೆ

ಇವೆಲ್ಲ ಜಾಗ್ರತೆಯ ಮಾತು. ನೀತಿಯ ಮಾತು ಒಂದೇ ಇದೆ. ಡಬ್ಬಿಯ ಜೊತೆಗಿನ ಕಾಗದದಲ್ಲಿ ಹೊಡೆದ ಮೇಲೆ ಎಷ್ಟು ದಿನ ಕೊಯ್ಯಬಾರದೆಂದು ಬರೆದಿರುತ್ತದೆ. ಅಷ್ಟು ದಿನ ಕಾಯಬೇಕು. ನಾಳೆ ಸಂತೆ ಎಂದು ಇವತ್ತು ಹೊಡೆದ ಬೆಂಡೆಯನ್ನು ಕೊಯ್ದು ಒಯ್ಯಬಾರದು. ಅದನ್ನು ನೋಡುವ ಪೊಲೀಸರು ಯಾರೂ ಇಲ್ಲ, ನಮ್ಮ ಮನಸ್ಸೇ ಸಾಕ್ಷಿ.

ಇದಕ್ಕೊಂದು ಸುಲಭವಾದ ಅಳತೆ ಇದೆ. ಬುಟ್ಟಿ ತುಂಬುವ ಮೊದಲು ಅದರಿಂದ ಎರಡು ಕಾಯಿ ತೆಗೆದು ಮನೆಯ ಅಡಿಗೆಗೆ ಕೊಡಿ. ಕೊಡಲು ಕೈ ಬಂದರೆ ಬುಟ್ಟಿ ಪೇಟೆಗೆ ಹೋಗಲಿ. ಕೈ ಹಿಂಜರಿದರೆ ಆ ಬುಟ್ಟಿ ಹೋಗಬಾರದು. ಕುಮಟೆಯ ಪೇಟೆಯಲ್ಲಿ ಕೊಳ್ಳುವ ಮನೆಯಲ್ಲಿಯೂ ಅನ್ನಕ್ಕಾಗಿ ಕಾದಿರುವ ಮಕ್ಕಳಿದ್ದಾರೆ. ಅಷ್ಟೇ ಅಲ್ಲ, ನಾವು ಬೆಳೆಯದ ಸೇಬು, ದ್ರಾಕ್ಷಿ, ಹೂಕೋಸು ನಮ್ಮ ಮಕ್ಕಳ ಬಾಯಿಗೆ ಬರುವುದೂ ಪೇಟೆಯಿಂದಲೇ. ಅಲ್ಲಿಯೂ ಯಾವನೋ ಒಬ್ಬ ರೈತ ತನ್ನ ಮನೆಗೆಂದು ಬೇರೆ ಸಾಲು ಇಟ್ಟುಕೊಂಡು ಮಿಕ್ಕದ್ದನ್ನು ನಮಗೆ ಕಳಿಸಿರಬಹುದು. ಎಲ್ಲರೂ ಹೀಗೆಯೇ ಮಾಡಿದರೆ ಯಾರ ಮನೆಯ ಸಾಲು ಯಾರನ್ನು ಕಾಯುತ್ತದೆ?

ಆ ಅಮ್ಮನಿಗೆ ಗುಣವಾದ ಮೇಲೆ ನಾನು ಚೀಟಿ ಬರೆಯುವ ರೀತಿಯನ್ನು ಬದಲಿಸಿದ್ದೇನೆ. ಈಗ ಮೊದಲ ಸಾಲಿನಲ್ಲಿ ಹೊಡೆಯುವವರ ಹೆಸರನ್ನು ಕೇಳಿ ಬರೆಯುತ್ತೇನೆ, ಎರಡನೆಯ ಸಾಲಿನಲ್ಲಿ ಬಾವಿ ಎಷ್ಟು ಮಾರು ದೂರವೆಂದು ಬರೆಯುತ್ತೇನೆ. ಹುಳದ ಹೆಸರು ಮೂರನೆಯದು. ಹೀಗೆ ಕೇಳತೊಡಗಿದ ಮೇಲೆ ಎಷ್ಟೋ ಸಲ ನಾಲ್ಕನೆಯ ಸಾಲಿನಲ್ಲಿ ವಿಷದ ಹೆಸರು ಬರೆಯುವ ಪ್ರಸಂಗವೇ ಬಂದಿಲ್ಲ. "ಹೋಗ್ಲಿ ಬಿಡಿ, ಕುಡಿ ಕಿತ್ತೇ ನೋಡ್ವಾ" ಎಂದು ರೈತರೇ ಹೇಳಿದ್ದಾರೆ.

ಈ ವರ್ಷದ ಕಾಯಿಪಲ್ಲೆಯ ಕಾಲದಲ್ಲಿ ನಮ್ಮ ಊರಿನಲ್ಲಿ ಮನೆಗೂ ಪೇಟೆಗೂ ಒಂದೇ ಸಾಲು ಇರಲಿ ಎಂದು ಈ ಕೂಟದಲ್ಲಿ ನಿಶ್ಚಯ ಮಾಡಬೇಕೆಂದು ಕೇಳಿಕೊಳ್ಳುತ್ತೇನೆ. ಎಲ್ಲರಿಂದ ಆಗದಿದ್ದರೆ ಐದು ಮನೆಗಳಿಂದ ಆರಂಭವಾಗಲಿ. ಆ ಐದು ಹೊಲಗಳಿಗೆ ವಾರಕ್ಕೊಮ್ಮೆ ಬಂದು ನಿಮ್ಮೊಡನೆ ಕುಡಿ ಕೀಳಲು ನಾನು ಸಿದ್ಧ.